ನನ್ಹತ್ರ ಜಾವಾ ಇತ್ತು

ಕ್ರೂಸರ್ ಬೈಕ್ ಕೊಳ್ಳುವ ಆಸೆಯಿದ್ದರೆ ಮೈಸೂರಲ್ಲಿ ಕೊಳ್ಳಬೇಡಿ. ಬೇರೆ ಊರಲ್ಲಾದರೆ ಜನ "ಎಷ್ಟು ಕೊಡುತ್ತೆ?" ಅಂತ ಕೇಳಿ, ಮೂವತ್ತೈದು ಅಂದರೆ ಮುಖ ಸಿಂಡರಿಸಿ ಹೋಗುತ್ತಾರೆ. ಇಲ್ಲಿ ಅರವತ್ತು ದಾಟಿದವರು ಕನ್ನಡಕ ಹಣೆಗೇರಿಸಿ, ಟ್ಯಾಂಕಿನ ಮೇಲೆ ಅಂಗೈ ಆಡಿಸಿ, "ನನ್ಹತ್ರ ಜಾವಾ ಇತ್ತು" ಅನ್ನುತ್ತಾರೆ. ಅಲ್ಲಿಗೆ ನನ್ನ ಬೈಕಿನ ಮಾತು ಮುಗಿಯಿತು. ಎರಡು ಲಕ್ಷ ಚಿಲ್ಲರೆ ಸುರಿದವನು ನಾನು, ಹೊಗಳಿಕೆ ಮಾತ್ರ ಆ ಜಾವಾ ಬೈಕುಗಳನ್ನು ಇದೇ ಊರಲ್ಲಿ ಮಾಡಿ, 1996ರಲ್ಲೇ ಬಾಗಿಲು ಹಾಕಿದ ಯಾದವಗಿರಿಯ ಕಾರ್ಖಾನೆಗೆ.

ನಮ್ಮ ಚಿಕ್ಕಪ್ಪನ ಹತ್ತಿರವೂ ಇತ್ತು ಅನ್ನಿ. ಹೆಣ್ಣು ನೋಡಲು ನಂಜನಗೂಡಿಗೆ ಅದರಲ್ಲೇ ಹೋಗಿದ್ದರು. ಉಪ್ಪಿಟ್ಟು, ಕೇಸರಿಬಾತು ಮುಗಿಯುವಷ್ಟರಲ್ಲಿ ಹುಡುಗಿಯ ತಮ್ಮ ಒಂದು ರೌಂಡು ಹೋಗಿಬರ್ತೀನಿ ಅಂತ ಕೀ ಇಸಕೊಂಡ. ಕಿಕ್ ಹೊಡೆದ, ಗಾಡಿ ಸ್ಟಾರ್ಟ್ ಆಯಿತು. ಗೇರಿಗೆ ಕಾಲು ಹಾಕಿದರೆ ಕಡ್ಡಿಯೇ ಇಲ್ಲ! ಒಳಗೆ ಓಡಿಬಂದು, "ಭಾವ, ಗೇರ್ ಕಡ್ಡಿ ಯಾರೋ ಕದ್ದುಬಿಟ್ಟಿದಾರೆ!" ಅಂದ. ಇನ್ನೂ ಒಪ್ಪಿಗೆಯೇ ಆಗಿಲ್ಲ, ಆಗಲೇ ಭಾವ. ಹುಡುಗಿಯ ಅಪ್ಪ ಪಂಚೆ ಎತ್ತಿ ಕಟ್ಟಿ ಬೀದಿಗಿಳಿದರು. ಅಕ್ಕಪಕ್ಕದವರು ಮೋರಿಯಲ್ಲೆಲ್ಲ ಕೋಲು ಹಾಕಿ ತಡಕಿದರು. ಚಿಕ್ಕಪ್ಪ ಕೈ ತೊಳೆದುಕೊಂಡು, ಅವಸರವಿಲ್ಲದೆ ಹೊರಗೆ ಬಂದು, ಆ ಕಿಕ್ಕರನ್ನೇ ಒಳಕ್ಕೊತ್ತಿ ಮುಂದಕ್ಕೆ ತಿರುಗಿಸಿದರಂತೆ. ಆ ಹಳೇ ಜಾವಾದಲ್ಲಿ ಕಿಕ್ಕರ್ರೇ ಗೇರ್ ಕಡ್ಡಿ. ಹುಡುಗಿ ಒಪ್ಪಿದ್ದು ಆ ಗತ್ತು ನೋಡಿಯೇ ಅಂತ ಚಿಕ್ಕಪ್ಪ ಇವತ್ತಿಗೂ ಹೇಳುತ್ತಾರೆ. ಚಿಕ್ಕಮ್ಮ ಹೇಳುವ ಕಾರಣ ಬೇರೆ, ಬರೆಯುವಂಥದ್ದಲ್ಲ.

ಎಲ್ಲಿದ್ದೆ? ಹಾಂ, ನನ್ನ ಬೈಕು. 190 ಕೆಜಿಗೂ ಮೇಲೆ. ಓಡುವಾಗ ಆನೆಯ ಮೇಲೆ ಕೂತ ಹಾಗೆ. ನಿಲ್ಲಿಸಿದ ಮೇಲೂ ಆನೆಯೇ, ಮಾವುತನಿಲ್ಲದ್ದು. ತೆಂಗಿನಕಾಯಿ ಚೀಲ ಸಿಕ್ಕಿಸಲು ಒಂದು ಕೊಕ್ಕೆ ಕೂಡ ಇಲ್ಲ. ನನ್ನ ಹೆಂಡತಿ ಮಾರ್ಕೆಟ್ಟಿಗೆ ಈಗಲೂ ಹಳೇ ಸ್ಕೂಟರನ್ನೇ ತೆಗೆಯುತ್ತಾಳೆ, ಏನೂ ಮಾತಾಡದೆ. ಆ ಮೌನ ನನಗೆ ಚೆನ್ನಾಗಿ ಕೇಳಿಸುತ್ತೆ.

ಮೊನ್ನೆ ನಂಜುಮಳಿಗೆಯಲ್ಲಿ ಸೊಪ್ಪು ತರಲು ಹೋದವನು, ಇಳಿಜಾರೆಂದು ನೋಡದೆ ಮೂತಿ ಮೋರಿಯ ಕಡೆಗೆ ಮಾಡಿ ನಿಲ್ಲಿಸಿಬಿಟ್ಟೆ. ಹಿಂದಕ್ಕೆಳೆದರೆ ಅಲ್ಲಾಡದು. ಬೆವರು ಕಣ್ಣಿಗಿಳಿಯಿತು. ಪಕ್ಕದಲ್ಲಿ ಇಬ್ಬರು ಹುಡುಗರು ಎಳನೀರು ಕುಡಿಯುತ್ತಾ ನೋಡುತ್ತಿದ್ದರು, ಅಷ್ಟೇ. ಸ್ಟ್ರಾ ಬಾಯಿಂದ ತೆಗೆದರೆ ಅವರ ಗಂಟೇನು ಹೋಗುತ್ತಿತ್ತೋ!

ಅಷ್ಟರಲ್ಲಿ ಬಿಳೀ ಜುಬ್ಬದ ಹಿರಿಯರೊಬ್ಬರು ಬಂದರು. ಕನ್ನಡಕ ಹಣೆಗೇರಿತು. ನಾನು ಕಣ್ಣು ಮುಚ್ಚಿಕೊಂಡೆ.

"ನನ್ಹತ್ರ ಜಾವಾ ಇತ್ತು. ಕ್ಲಚ್ ಹಿಡೀದೆ ಗೇರ್ ಹಾಕಬಹುದಿತ್ತು, ಗೊತ್ತಾ?"

"ಗೊತ್ತು ಸಾರ್. ಸ್ವಲ್ಪ ತಳ್ತೀರಾ?"

ತಳ್ಳಿದರು. ಎಪ್ಪತ್ತರ ಮೇಲಿನ ಆ ತೋಳಲ್ಲಿ ಎಲ್ಲಿತ್ತೋ ಶಕ್ತಿ, ಒಂದೇ ದಮ್ಮಿಗೆ ಬೈಕು ರಸ್ತೆಗೆ ಬಂತು. ಕೈ ಕೊಡವಿಕೊಂಡು, ನೆಲದಲ್ಲಿಟ್ಟಿದ್ದ ಪಡವಲಕಾಯಿ ಚೀಲವನ್ನು ನನ್ನ ಹ್ಯಾಂಡಲ್ಲಿಗೆ ನೇತುಹಾಕಿದರು.

"ಅಗ್ರಹಾರದ ಕಡೇಗೇ ತಾನೇ ನೀವು ಹೋಗೋದು?"

ನನ್ನ ಮನೆ ಇರೋದು ಕುವೆಂಪುನಗರದಲ್ಲಿ. "ಹತ್ತಿ ಸಾರ್" ಅಂದೆ. ಅವರು ಕೂತರು, ಆಗಲೇ ಪೆಟ್ರೋಲಿಗೆ ಆಯಿಲ್ ಎಷ್ಟೆಷ್ಟು ಬೆರೆಸಬೇಕಿತ್ತು ಅನ್ನುವಲ್ಲಿಗೆ ಬಂದಿದ್ದರು.