ಸ್ಟಾರ್ಟಪ್ ಸ್ಕ್ರಿಪ್ಟಿನಲ್ಲಿ ‘ಸ್ಲೀಪ್ 30’ ಬರೆಯುವವರಿಗೆ

ಹಳೆಯ ಲಿನಕ್ಸ್ ಸರ್ವರುಗಳ ಸ್ಟಾರ್ಟಪ್ ಸ್ಕ್ರಿಪ್ಟುಗಳಲ್ಲಿ ‘ಸ್ಲೀಪ್ 30’ (ಮೂವತ್ತು ಸೆಕೆಂಡು ಸುಮ್ಮನೆ ಕಾಯಿ) ಎಂಬ ಸಾಲು ಎಲ್ಲೋ ಒಂದು ಕಡೆ ಅಡಗಿ ಕುಳಿತಿರುತ್ತದೆ. ಮೂವತ್ತೇ ಸೆಕೆಂಡು ಏಕೆ ಎಂದು ಕೇಳಿ ನೋಡಿ. ‘ಅದೊಂದನ್ನು ಮುಟ್ಟಬೇಡಿ, ತೆಗೆದರೆ ಅಪ್ಲಿಕೇಶನ್ ಏಳುವುದಿಲ್ಲ’ ಎಂಬ ಉತ್ತರ ಬರುತ್ತದೆ. ಬರೆದವರು ಕೆಲಸ ಬಿಟ್ಟು ಎಷ್ಟೋ ಕಾಲವಾಗಿರುತ್ತದೆ. ಈ ಸಾಲಿನ ಮೇಲೆ ನನಗೆ ಬಹಳ ದಿನಗಳ ಸಿಟ್ಟಿದೆ, ಇವತ್ತು ತೀರಿಸಿಕೊಳ್ಳುತ್ತೇನೆ.

ಸಾಮಾನ್ಯವಾಗಿ ಅಪ್ಲಿಕೇಶನ್ ಕಾಯುತ್ತಿರುವುದು ಡೇಟಾಬೇಸಿಗಾಗಿ. ಎಲ್ಲವೂ ಸರಿಯಿದ್ದ ದಿನ ಡೇಟಾಬೇಸ್ ಕೆಲವೇ ಸೆಕೆಂಡುಗಳಲ್ಲಿ ಏಳುತ್ತದೆ, ಉಳಿದ ಹೊತ್ತು ವ್ಯರ್ಥ. ಕರೆಂಟು ಹೋಗಿ ಸರ್ವರ್ ದಿಢೀರನೆ ನಿಂತ ದಿನ ಅದೇ ಡೇಟಾಬೇಸ್ ತನ್ನ ಲಾಗನ್ನು (ಬದಲಾವಣೆಗಳ ದಾಖಲೆ) ಮತ್ತೆ ಓದಿ ಲೆಕ್ಕ ಸರಿಪಡಿಸಿಕೊಳ್ಳಲು ನಿಮಿಷಗಟ್ಟಲೆ ತೆಗೆದುಕೊಳ್ಳಬಹುದು. ಆಗ ಮೂವತ್ತು ಸೆಕೆಂಡು ಯಾವ ಮೂಲೆಗೂ ಸಾಲದು. ಅಂದರೆ ನೆರವು ಬೇಕಾದ ದಿನವೇ ಈ ಸಾಲು ಕೈಕೊಡುತ್ತದೆ.

ಯಂತ್ರ ಶುರುವಾದಾಗ ಸೇವೆಗಳನ್ನು ಎಬ್ಬಿಸುತ್ತಿದ್ದ ಹಳೆಯ ಸಿಸ್ಟಂ ಫೈವ್ ಇನಿಟ್ ಕಾಲದಲ್ಲಿ ಇದಕ್ಕೊಂದು ನೆಪವಿತ್ತು. ಆಗ ಎಸ್20, ಎಸ್80 ಎಂದು ಹೆಸರಿನಲ್ಲೇ ಸಂಖ್ಯೆ ಹೊತ್ತ ಸ್ಕ್ರಿಪ್ಟುಗಳು ಒಂದಾದ ಮೇಲೊಂದು ಓಡುತ್ತಿದ್ದವು. ಸ್ಕ್ರಿಪ್ಟ್ ಮುಗಿಯಿತು ಎಂದರೆ ಪ್ರೋಗ್ರಾಂ ಹಿನ್ನೆಲೆಗೆ ಸರಿಯಿತು ಎಂದಷ್ಟೇ ಅರ್ಥ. ಅದು ಕೆಲಸಕ್ಕೆ ಸಿದ್ಧವಾಯಿತೇ ಎಂಬುದನ್ನು ಹೇಳುವ ದಾರಿ ಆ ವ್ಯವಸ್ಥೆಯಲ್ಲೇ ಇರಲಿಲ್ಲ. 2010ರಲ್ಲಿ ಅದೇ ಕೆಲಸಕ್ಕೆ ಸಿಸ್ಟಂಡಿ ಬಂತು. 2011ರಲ್ಲಿ ಫೆಡೋರಾ 15, 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04 ಎಂಬ ಲಿನಕ್ಸ್ ಆವೃತ್ತಿಗಳು ಅದನ್ನೇ ಒಪ್ಪಿಕೊಂಡವು. ಡೆಬಿಯನ್ ಬಳಗದಲ್ಲಿ ಆದ ಜಗಳ ಎಷ್ಟು ಜೋರಾಗಿತ್ತೆಂದರೆ, ಸಿಸ್ಟಂಡಿ ಬೇಡವೆಂದವರು ಡೆವುವಾನ್ ಎಂಬ ಬೇರೆ ಮನೆಯನ್ನೇ ಕಟ್ಟಿಕೊಂಡರು. ಸಾದಾ ಪಠ್ಯದಲ್ಲಿರಬೇಕಾದ ಲಾಗನ್ನು ಬೈನರಿ ಮಾಡಿದ್ದಕ್ಕೆ ನನಗೂ ಅದರ ಮೇಲೆ ಮುನಿಸಿದೆ. ಆದರೆ ಯಾರು ಯಾರನ್ನು ನೆಚ್ಚಿದ್ದಾರೆ ಎಂದು ಬಾಯಿಬಿಟ್ಟು ಹೇಳಲು ಅದು ಜಾಗ ಕೊಟ್ಟಿತು. ಆ ಜಾಗದಲ್ಲಿ ನಮ್ಮವರು ಬರೆದಿದ್ದೇನು? ಸೇವೆ ಶುರುವಾಗುವ ಮುನ್ನ ಓಡುವ ‘ಎಕ್ಸೆಕ್‌ಸ್ಟಾರ್ಟ್‌ಪ್ರೀ’ ಸಾಲಿನಲ್ಲಿ ಮತ್ತದೇ ಸ್ಲೀಪ್ 30!

ಅರ್ಧ ಗೊಂದಲ ಸಿಸ್ಟಂಡಿಯ ‘ಆಫ್ಟರ್’ ಮತ್ತು ‘ರಿಕ್ವೈರ್ಸ್’ ಎಂಬ ಎರಡು ಸಾಲುಗಳ ನಡುವೆ ಇದೆ. ಆಫ್ಟರ್ ಹೇಳುವುದು ಸರದಿಯನ್ನು ಮಾತ್ರ. ರಿಕ್ವೈರ್ಸ್ ಇನ್ನೊಂದು ಸೇವೆಯನ್ನು ಜೊತೆಗೆ ಎಳೆದು ತರುತ್ತದೆ, ಆದರೆ ಸರದಿಯ ಗೊಡವೆಗೆ ಹೋಗುವುದಿಲ್ಲ. ಅದೊಂದನ್ನೇ ಬರೆದರೆ ಎರಡೂ ಒಟ್ಟಿಗೇ ಹೊರಡುತ್ತವೆ. ಎರಡನ್ನೂ ಬರೆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಸೇವೆ ಶುರುವಾಯಿತು ಎಂದು ಸಿಸ್ಟಂಡಿ ಯಾವಾಗ ನಂಬುತ್ತದೆ? ಟೈಪ್ ‘ಸಿಂಪಲ್’ ಆಗಿದ್ದರೆ ಪ್ರಕ್ರಿಯೆ ಹುಟ್ಟಿದ ಕೂಡಲೇ ನಂಬಿಬಿಡುತ್ತದೆ. ‘ನೋಟಿಫೈ’ ಆಗಿದ್ದರೆ ‘ನಾನು ಸಿದ್ಧ’ ಎಂದು ಸೇವೆಯೇ ತಿಳಿಸುವವರೆಗೆ ಕಾಯುತ್ತದೆ. ನೆಟ್‌ವರ್ಕ್ ವಿಷಯದಲ್ಲೂ ಹೀಗೇ. ‘ನೆಟ್‌ವರ್ಕ್ ಟಾರ್ಗೆಟ್’ ಎಂದು ಬರೆದರೆ ಸಂಪರ್ಕ ಬಂದಿದೆ ಎಂಬ ಖಾತರಿಯಿಲ್ಲ, ಅದಕ್ಕಾಗಿ ‘ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್’ ಬೇಕು.

ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಸಾಧನ) ‘ರೀಬೂಟ್’ ಎಂದು ಬರೆದು ಸೇವೆ ಓಡಿಸುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ ಸೇವೆ ಸತ್ತರೆ ಕೇಳುವವರಿಲ್ಲ, ಅಷ್ಟೇ.

ಡೇಟಾಬೇಸ್ ಬೇರೊಂದು ಯಂತ್ರದಲ್ಲಿದ್ದರೆ ಈ ಆಫ್ಟರ್, ರಿಕ್ವೈರ್ಸ್ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಪಕ್ಕದ ಯಂತ್ರದಲ್ಲಿ ಏನು ನಡೆಯುತ್ತಿದೆ ಎಂಬುದು ಸಿಸ್ಟಂಡಿಗೆ ತಿಳಿಯದು. ಹಾಗಾಗಿ ಕಾಯುವ ಹೊಣೆಯನ್ನು ಅಪ್ಲಿಕೇಶನ್ನೇ ಹೊರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸಂಪರ್ಕ ಸಿಗದಿದ್ದರೆ ಸ್ವಲ್ಪ ತಡೆದು ಮತ್ತೆ ಯತ್ನಿಸುವ ಹತ್ತು ಸಾಲಿನ ಕೋಡ್ ಬರೆಯಲು ಡೆವಲಪರುಗಳು ಗೊಣಗುತ್ತಾರೆ, ‘ರೀಸ್ಟಾರ್ಟ್ ಇದೆಯಲ್ಲ’ ಎನ್ನುತ್ತಾರೆ. ಇದೆ. ಆದರೆ ಬೇರೇನೂ ಹೇಳದಿದ್ದರೆ ಬಿದ್ದ ಸೇವೆಯನ್ನು ಸಿಸ್ಟಂಡಿ 100 ಮಿಲಿಸೆಕೆಂಡಿನಲ್ಲೇ ಮತ್ತೆ ಎಬ್ಬಿಸುತ್ತದೆ ಮತ್ತು 10 ಸೆಕೆಂಡಿನೊಳಗೆ 5 ಸಲ ಎಬ್ಬಿಸಿದ ಮೇಲೆ ಕೈಚೆಲ್ಲುತ್ತದೆ. ಡೇಟಾಬೇಸ್ ಇನ್ನೂ ಕಣ್ಣು ಬಿಡುವ ಮೊದಲೇ ಐದೂ ಅವಕಾಶಗಳು ಮುಗಿದು, ಯಾರಾದರೂ ಬಂದು ಕೈಯಾರೆ ಶುರು ಮಾಡುವವರೆಗೆ ಸೇವೆ ಬಿದ್ದೇ ಇರುತ್ತದೆ. ‘ರೀಸ್ಟಾರ್ಟ್‌ಸೆಕ್’ ಎಂಬ ತಡೆಯುವ ಅವಧಿಯನ್ನು 5 ಸೆಕೆಂಡು ಮಾಡಿದರೆ ಹತ್ತು ಸೆಕೆಂಡಿನಲ್ಲಿ ಐದು ಸಲ ಆಗುವ ಪ್ರಶ್ನೆಯೇ ಬರುವುದಿಲ್ಲ, ಅದು ಯತ್ನಿಸುತ್ತಲೇ ಇರುತ್ತದೆ.

ಅಪ್ಲಿಕೇಶನ್ ಬದಲಿಸಲು ಆಗದಿದ್ದರೆ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರು, ಅದು ಸಿದ್ಧವೇ ಎಂದು ಕೇಳುವ ‘ಪಿಜಿ ಈಸ್‌ರೆಡಿ’ ಆಜ್ಞೆಯನ್ನು ಲೂಪಿನಲ್ಲಿಟ್ಟು ಉತ್ತರ ಬರುವವರೆಗೆ ಕಾಯಲಿ. ಲೂಪಿನೊಳಗಿನ ಸ್ಲೀಪ್ 1 ಬಗ್ಗೆ ನನಗೆ ತಕರಾರಿಲ್ಲ, ಏನನ್ನು ಕಾಯುತ್ತಿದೆ ಎಂಬುದು ಅಲ್ಲೇ ಬರೆದಿರುತ್ತದೆ. ಆದರೆ ಸಾಮಾನ್ಯವಾಗಿ 90 ಸೆಕೆಂಡು ಮೀರಿದರೆ ಸಿಸ್ಟಂಡಿ ಆ ಲೂಪನ್ನೇ ಕೊಲ್ಲುತ್ತದೆ, ‘ಟೈಮ್‌ಔಟ್‌ಸ್ಟಾರ್ಟ್‌ಸೆಕ್’ ಎಂಬ ಗಡುವನ್ನು ಹೆಚ್ಚಿಸಲು ಮರೆಯಬೇಡಿ.

ಬದಲಾವಣೆ ಮಾಡಿದ ಮೇಲೆ ಸರ್ವರನ್ನು ಒಮ್ಮೆ ಪೂರ್ತಿ ರೀಬೂಟ್ ಮಾಡಿಯೇ ಪರೀಕ್ಷಿಸಿ. ಸೇವೆಯನ್ನಷ್ಟೇ ರೀಸ್ಟಾರ್ಟ್ ಮಾಡಿ ‘ನಡೆಯಿತು’ ಎಂದರೆ ನಾನು ಒಪ್ಪುವುದಿಲ್ಲ, ಆ ಹೊತ್ತಿಗೆ ಡೇಟಾಬೇಸ್ ಎಂದೋ ಎದ್ದು ಕುಳಿತಿರುತ್ತದೆ.