ಇನ್ನೂ ಸ್ವಲ್ಪ ಇದೆ

ರಾತ್ರಿ ಒಂದೂವರೆ. ಶಿವಮೊಗ್ಗದಿಂದ ಬೆಂಗಳೂರಿಗೆ ಹೊರಟಿದ್ದ ನಮ್ಮ ಬಸ್ಸು ಅರಸೀಕೆರೆ ದಾಟಿ ಒಂದು ಹೋಟೆಲ್ ಮುಂದೆ ನಿಂತಿತು. "ಹತ್ತು ನಿಮಿಷ, ಹತ್ತೇ ನಿಮಿಷ" ಎಂದು ಕಂಡಕ್ಟರ್ ಕೂಗಿದ. ಎಲ್ಲರಿಗಿಂತ ಮೊದಲು ಇಳಿದವನು ನಾನು. ಕೊನೆಗೆ ಹತ್ತಿದವನೂ ನಾನೇ. ಶಾಲು ಹೊದ್ದು ಕಣ್ಣು ಮುಚ್ಚಿದೆ. ಬಸ್ಸು ಎರಡು ಕಿಲೋಮೀಟರ್ ಹೋಗಿರಲಿಲ್ಲ, ಕೆಳಗಿನಿಂದ ಸುದ್ದಿ ಬಂತು: ಇನ್ನೂ ಸ್ವಲ್ಪ ಇದೆ.

ಎದ್ದು ಕಂಬಿ ಹಿಡಿದುಕೊಂಡು ಮುಂದೆ ಹೋದೆ. ಕಂಡಕ್ಟರ್ ನನ್ನ ಮುಖ ನೋಡಿದ. "ಏನ್ ಸಾರ್, ಈಗ್ ತಾನೇ ಹೋಗ್ ಬಂದ್ರಲ್ಲ?"

"ಹೋಗಿ ಬಂದೆ. ಆದ್ರೆ ಮುಗಿದಿಲ್ಲ."

ಕತ್ತಲಲ್ಲಿ ತೆಂಗಿನ ತೋಟದ ಬೇಲಿ ಪಕ್ಕ ನಿಂತೆ. ಹಿಂದೆ ನಲವತ್ತು ಜನ ನನಗಾಗಿ ಕಾಯುತ್ತಿದ್ದಾರೆ. ಬಂದದ್ದು ನಾಲ್ಕು ಹನಿ. ವಾಪಸ್ ಹತ್ತಿದಾಗ ಯಾರೋ ಹಿಂದಿನ ಸೀಟಿನಿಂದ, "ಈಗಲಾದ್ರೂ ಹೋಗೋಣ್ವಾ ಯಜಮಾನ್ರೇ?" ಅಂದರು.

ನಮ್ಮ ಹಿರಿಯರು ಇದಕ್ಕೆ ಜಲಬಾಧೆ ಅಂತ ಎಷ್ಟು ಚೆನ್ನಾಗಿ ಹೆಸರಿಟ್ಟಿದ್ದಾರೆ ನೋಡಿ. ಬಾಧೆ ಅಂದ ಮೇಲೆ ತೀರಿಸಿಕೊಳ್ಳಬೇಕು. ನನ್ನದು ಎಂಟು ತಿಂಗಳಿಂದ ತೀರಿರಲಿಲ್ಲ, ಬಡ್ಡಿ ಬೆಳೆಯುತ್ತಲೇ ಇತ್ತು. ವಯಸ್ಸು ಐವತ್ತಾರು. ಮನೆಯಲ್ಲಿ ಬಚ್ಚಲ ಬಾಗಿಲು ಹಾಕಿಕೊಂಡು ನಿಂತರೆ ಹೆಂಡತಿ ಹೊರಗಿನಿಂದ, "ರೀ, ಒಳಗೆ ಏನು ರುದ್ರಾಭಿಷೇಕ ಮಾಡ್ತಿದ್ದೀರಾ?" ಎಂದು ಕೇಳುತ್ತಿದ್ದಳು. ಅಭಿಷೇಕದಲ್ಲಿ ಧಾರೆಯಾದರೂ ಇರುತ್ತದೆ.

ಡಾಕ್ಟರೊಬ್ಬರನ್ನು ಬಿಟ್ಟು ಉಳಿದ ಎಲ್ಲರನ್ನೂ ಕೇಳಿದೆ. ಒಬ್ಬರು ಬಾರ್ಲಿ ನೀರು ಅಂದರು. ಒಬ್ಬರು ಬಾಳೆದಿಂಡಿನ ರಸ. ಇನ್ನೊಬ್ಬರು ಕೊತ್ತಂಬರಿ ಬೀಜದ ಕಷಾಯ. ಮೂರನ್ನೂ ಕುಡಿದೆ. ಒಳಗೆ ಹೋಗುವುದು ಜಾಸ್ತಿಯಾದರೆ ಹೊರಗೆ ಬರಬೇಕಾದ್ದೂ ಜಾಸ್ತಿಯಾಗುತ್ತದೆ ಎಂಬ ಲೆಕ್ಕ, ಮೂವತ್ತು ವರ್ಷ ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದ ನನಗೆ ಹೊಳೆಯಲೇ ಇಲ್ಲ.

ಬಸ್ಸಿನ ಕಥೆ ಕೇಳಿದ ಮೇಲೆ ಹೆಂಡತಿ ಬಾಯಿ ಬಿಟ್ಟಳು. "ಹೋದ ವರ್ಷ ನನಗೂ ಹೀಗೇ ಆಗಿತ್ತು. ಹೋಗಿ ಬಂದ ತಕ್ಷಣ ಮತ್ತೆ ಹೋಗಬೇಕು ಅನ್ಸೋದು, ಉರಿ ಬೇರೆ. ಎರಡೇ ದಿನಕ್ಕೆ ಯೂರಿನ್ ಟೆಸ್ಟ್ ಮಾಡಿಸಿದೆ. ಇನ್‌ಫೆಕ್ಷನ್ ಅಂದ್ರು, ಮಾತ್ರೆ ಕೊಟ್ರು, ಹೋಯ್ತು. ನಿಮ್ಮ ಹಾಗೆ ಊರವರ ಹತ್ರ ವೋಟ್ ಹಾಕಿಸ್ಕೊಂಡು ಕೂರಲಿಲ್ಲ."

ಸರಿ, ಯೂರಾಲಜಿ ಡಾಕ್ಟರ ಹತ್ತಿರ ಹೊರಟೆ. ಜೊತೆಗೆ ಅಕ್ಕನ ಗಂಡ, ನಮ್ಮ ಭಾವ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇದ್ದರೂ ಗಟ್ಟಿ ಮನುಷ್ಯ. ದಾರಿಯುದ್ದಕ್ಕೂ ಒಂದೇ ರಾಗ: "ನನ್ನನ್ನ ನೋಡೋ. ಬೆಳಿಗ್ಗೆ ಒಂದಕ್ಕೆ ಹೋದ್ರೆ ಮತ್ತೆ ಸಂಜೆಗೇ. ಟ್ಯಾಂಕ್ ಅಂದ್ರೆ ಹಾಗಿರ್ಬೇಕು."

ಅಲ್ಲಿ ಮೊದಲು ಒಂದು ಪ್ರಶ್ನೆಪತ್ರಿಕೆ ಕೊಟ್ಟರು. ಏಳು ಪ್ರಶ್ನೆ, ಒಂದೊಂದಕ್ಕೆ 5 ಅಂಕ, ಒಟ್ಟು 35. ಮೊದಲ ಪ್ರಶ್ನೆಯೇ ನನ್ನದು: ಕಳೆದ ಒಂದು ತಿಂಗಳಲ್ಲಿ ಪೂರ್ತಿ ಖಾಲಿಯಾಗಿಲ್ಲ ಅಂತ ಎಷ್ಟು ಸಲ ಅನಿಸಿದೆ? ನನ್ನ ಬಸ್ಸಿನ ಅವಮಾನವನ್ನು ಯಾರೋ ಮೊದಲೇ ಅಚ್ಚು ಹಾಕಿಸಿಟ್ಟಿದ್ದಾರೆ ಎಂದು ಸಮಾಧಾನವಾಯಿತು. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ 35 ಬಂದರೆ ಪಾಸಾಗುತ್ತಿತ್ತು. ಇಲ್ಲಿ 35 ಬಂದರೆ ಕೆಟ್ಟಿತು, 7ರ ಒಳಗಿದ್ದರೆ ಒಳ್ಳೆಯದು. ನನಗೆ 14 ಬಂತು. ಮಧ್ಯಮ.

ಆಮೇಲೆ ಧಾರೆಯ ವೇಗ ಅಳೆಯುವ ಪರೀಕ್ಷೆ. ಸ್ಟ್ಯಾಂಡ್ ಮೇಲೆ ಆಲಿಕೆಯಂಥ ಒಂದು ಪಾತ್ರೆ, ಪಕ್ಕದಲ್ಲಿ ಗ್ರಾಫ್ ಬರೆಯುವ ಮಿಷನ್ನು. "ನೀರು ಕುಡೀರಿ, ತುಂಬಾ ಅರ್ಜೆಂಟ್ ಆದಾಗ ಹೇಳಿ" ಅಂದಳು ಸಿಸ್ಟರ್. ಎಂಟು ತಿಂಗಳಿಂದ ಸದಾ ಅರ್ಜೆಂಟಾಗಿದ್ದವನಿಗೆ ಅವತ್ತು ಮಾತ್ರ ಏನೂ ಇಲ್ಲ. ಹೇಗೋ ಧೈರ್ಯ ಮಾಡಿ ಹೋದೆ. 90 ಎಂ.ಎಲ್. ಬಂತು. "ಕನಿಷ್ಠ 150 ಬೇಕು ಅಂಕಲ್, ಮತ್ತೆ ಕುಡೀರಿ." ಮೊದಲ ಯತ್ನದಲ್ಲಿ ಫೇಲಾಗಿ ಮತ್ತೆ ಬೆಂಚಿಗೆ ಬಂದೆ. ಎರಡನೇ ಸಲ ಪಾಸು. ಗ್ರಾಫ್ ಒಂದೇ ಗುಡ್ಡದ ಹಾಗೆ ಏರಿ ಇಳಿಯಬೇಕಂತೆ. ನನ್ನದು ನಮ್ಮ ಮಲೆನಾಡಿನ ಹಾಗೆ, ಸಣ್ಣ ಸಣ್ಣ ಗುಡ್ಡಗಳ ಸಾಲು.

ಕೂಡಲೇ ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ ಸ್ಕ್ಯಾನ್ ಮಾಡಿದರು. ಒಳಗೆ ಉಳಿದದ್ದು 40 ಎಂ.ಎಲ್.

"ಅಷ್ಟೇನಾ?" ಅಂದೆ. ಬೈ-ಟು ಕಾಫಿಯಷ್ಟೂ ಇಲ್ಲದ ಸಾಲಕ್ಕೆ ನಾನು ಒಂದು ಬಸ್ಸನ್ನೇ ನಿಲ್ಲಿಸಿದ್ದೆ!

ಡಾಕ್ಟರು ನಕ್ಕರು. ಉಳಿದಿದೆ ಅನಿಸುವುದೇ ಬೇರೆ, ನಿಜಕ್ಕೂ ಉಳಿಯುವುದೇ ಬೇರೆ. ಗಂಡಸರಿಗೆ ಮೂತ್ರದ ಚೀಲದ ಕೆಳಗಿರುವ ಪ್ರಾಸ್ಟೇಟ್ ಎಂಬ ಗ್ರಂಥಿ ಸ್ವಲ್ಪ ದಪ್ಪಗಾಗಿ ದಾರಿ ಕಿರಿದಾಗಿದೆ, ಚೀಲಕ್ಕೆ ಕಿರಿಕಿರಿ, ಹಾಗಾಗಿ ಖಾಲಿಯಿದ್ದರೂ ಗಂಟೆ ಹೊಡೆಯುತ್ತಿದೆ ಎಂದರು. ಮಲಬದ್ಧತೆ ಇದೆಯಾ? ಇತ್ತು. ಕಾಫಿ ಎಷ್ಟು? ಆರು ಲೋಟ, ಹೆಂಡತಿಯ ಲೆಕ್ಕದಲ್ಲಿ ನಾಲ್ಕು. ಬಸ್ಸಿನ ದಿನ ಏನಾದರೂ ಮಾತ್ರೆ ತಿಂದಿದ್ದಿರಾ? ಮೂಗು ಕಟ್ಟಿತ್ತು, ಮೆಡಿಕಲ್ ಶಾಪಿನವನು ಕೊಟ್ಟ ನೆಗಡಿ ಮಾತ್ರೆ ಎರಡು ನುಂಗಿದ್ದೆ. "ಅದೇ ನೋಡಿ. ಅಂಥ ಮಾತ್ರೆ ಮೂಗು ಬಿಡಿಸುತ್ತೆ, ಕೆಳಗಡೆ ಕಟ್ಟುತ್ತೆ. ಕೆಲವರಿಗೆ ಪೂರ್ತಿ ನಿಂತೇ ಹೋಗುತ್ತೆ." ಹಾಗೆ ಒಂದು ಹನಿಯೂ ಬಾರದೆ ಕೆಳಹೊಟ್ಟೆ ಉಬ್ಬಿ ನೋವು ಬಂದರೆ ಬೆಳಗಾಗಲಿ ಅಂತ ಕಾಯಬಾರದು, ಅದೇ ರಾತ್ರಿ ಆಸ್ಪತ್ರೆಗೆ ಬರಬೇಕು. ಚಳಿಜ್ವರ ಬಂದರೂ, ರಕ್ತ ಕಂಡರೂ ಮುಂದೂಡಬಾರದು. ಸೊಂಟನೋವಿನ ಜೊತೆ ಕಾಲು ಜೋಮು ಹಿಡಿದು ಮೂತ್ರ ಕಟ್ಟಿದರೆ ಅದೂ ಎಮರ್ಜೆನ್ಸಿ. ಇಷ್ಟನ್ನೂ ಅವರು ನಗದೇ ಹೇಳಿದರು. ನಾನೂ ನಗಲಿಲ್ಲ.

ಆಗ ನಮ್ಮ ಭಾವ ಸುಮ್ಮನಿರಬೇಕಲ್ವಾ? "ನನಗೆ ಇದ್ಯಾವ ತಾಪತ್ರಯಾನೂ ಇಲ್ಲ ಡಾಕ್ಟ್ರೇ. ದಿನಕ್ಕೆ ಎರಡೇ ಸಲ!" ಅಂದರು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಶುಗರ್ ಇದೆಯಾ?"

"ಹದಿನೈದು ವರ್ಷ ಆಯ್ತು."

"ಹೋಗಿ ಬಂದು ಇಲ್ಲಿ ಮಲಗಿ."

ಭಾವ ಹೋದರು, ಬಂದರು, ಮಲಗಿದರು. ಉಳಿದದ್ದು 320 ಎಂ.ಎಲ್. ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ. ಸಕ್ಕರೆ ಕಾಯಿಲೆಯಿಂದ ನರ ಮಂದವಾದರೆ ಚೀಲ ತುಂಬಿದ್ದೇ ಗೊತ್ತಾಗುವುದಿಲ್ಲವಂತೆ. ಹೀಗೇ ಬಿಟ್ಟರೆ ಕಿಡ್ನಿಗೆ ಏಟು. ರಕ್ತಪರೀಕ್ಷೆ, ಕಿಡ್ನಿ ಸ್ಕ್ಯಾನ್ ಎಂದು ಭಾವನ ಚೀಟಿ ನನ್ನದಕ್ಕಿಂತ ಉದ್ದವಾಯಿತು. ವಾಪಸ್ ಬರುವಾಗ ಟ್ಯಾಂಕಿನ ಮಾತೇ ಇಲ್ಲ.

ನನಗೆ ರಾತ್ರಿ ಮಲಗುವ ಮುಂಚೆ ಒಂದು ಮಾತ್ರೆ. ಹಾಸಿಗೆಯಿಂದ ದಢಕ್ಕನೆ ಏಳಬಾರದು, ತಲೆ ಸುತ್ತುತ್ತದೆ. ಎದ್ದೆ, ಸುತ್ತಿತು, ಆಮೇಲೆ ನಂಬಿದೆ. ಮುಗಿದ ಮೇಲೆ ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ಪ್ರಯತ್ನಿಸಿ ಅಂದಿದ್ದಾರೆ. ತಿಣುಕಬಾರದು. ಈಗ ಬಚ್ಚಲಲ್ಲಿ ನಿಂತು ಸುಮ್ನೆ ಮಗ್ಗಿ ಹೇಳಿಕೊಳ್ಳುತ್ತೇನೆ. ಹದಿನೇಳರ ಮಗ್ಗಿ ಹೊತ್ತಿಗೆ ಉಳಿದದ್ದು ಬರುತ್ತದೆ.

ಭಾವನಿಗೆ ಮೂರು ಮೂರು ಗಂಟೆಗೆ, ಅನಿಸಲಿ ಬಿಡಲಿ, ಹೋಗಲೇಬೇಕು. ಮಗಳು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಟ್ಟಿದ್ದಾಳೆ. ಕೋಳಿ ಕೂಗುವ ಸದ್ದು. ಕಳೆದ ವಾರ ತೀರ್ಥಹಳ್ಳಿಯಲ್ಲಿ ಮದುವೆ. ಪುರೋಹಿತರು ಗಟ್ಟಿಮೇಳ ಅನ್ನಲು ಕೈ ಎತ್ತಿದ್ದರು, ನಾವೆಲ್ಲ ಅಕ್ಷತೆ ಹಿಡಿದು ನಿಂತಿದ್ದೆವು. ಭಾವನ ಜೇಬಿನಲ್ಲಿ ಕೋಳಿ ಕೂಗಿತು. ಅವರು ಅಕ್ಷತೆಯನ್ನು ನನ್ನ ಕೈಗೆ ಸುರಿದು ಹೊರಟೇಬಿಟ್ಟರು. ನಾನು ಎರಡು ಕ್ಷಣ ಹಾಗೇ ನಿಂತೆ. ಆಮೇಲೆ ಎರಡು ಪಾಲು ಅಕ್ಷತೆಯನ್ನೂ ಹೆಂಡತಿಯ ಕೈಗೆ ದಾಟಿಸಿ ಅವರ ಹಿಂದೆಯೇ ನಡೆದೆ.

"ನಿಮಗ್ಯಾಕ್ರೀ ಈಗ? ಹತ್ತು ನಿಮಿಷದ ಹಿಂದೆ ಹೋಗಿದ್ರಲ್ಲ!" ಅಂದಳು.

"ಕೋಳಿ ಕೂಗ್ತಲ್ಲ" ಅಂದೆ.