ಡಬ್ಬಿಯೊಳಗಿನ ಬೋಧಿವೃಕ್ಷ

ಅರಮನೆ ಬಿಟ್ಟು ಹೊರಟ ಸಿದ್ಧಾರ್ಥನಿಗೆ ಜ್ಞಾನೋದಯವಾಗಲು ಆರು ವರ್ಷ ಹಿಡಿಯಿತು. ಪಾಪ, ತಲೆಯ ಮೇಲೆ ಮ್ಯಾನೇಜರ್ ಇರಲಿಲ್ಲ. ಅಮೆರಿಕದಲ್ಲಾದರೆ ಎಂಟು ವಾರ ಸಾಕು.

1979ರಲ್ಲಿ ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಜಾನ್ ಕಬಾಟ್-ಜಿನ್ ಎಂಬ ವಿಜ್ಞಾನಿ, ಈಗ ಎಂಟು ವಾರಕ್ಕೆ ಮುಗಿಯುವ ಈ ಧ್ಯಾನದ ಕೋರ್ಸನ್ನು ಶುರುಮಾಡಿದರು. ಬುದ್ಧನ ಹೆಸರೆತ್ತಿದರೆ ಡಾಕ್ಟರುಗಳು ಹೌಹಾರಿಯಾರು ಅಂತ ಧ್ಯಾನದ ಮೇಲಿನ ಹಳೇ ಚೀಟಿ ಕಿತ್ತು 'ಮೈಂಡ್‌ಫುಲ್‌ನೆಸ್', ಅಂದರೆ ಈ ಕ್ಷಣದ ಮೇಲಿನ ಎಚ್ಚರ, ಎಂದು ಅಂಟಿಸಿದರು. ಅದರಲ್ಲಿ ಒಂದು ಪಾಠ: ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಿಧಾನವಾಗಿ ಅಗಿಯುವುದು. ನಗಬೇಡಿ. ಔಷಧಿಗೆ ಬಗ್ಗದ ನೋವು ಹೊತ್ತು ಬಂದ ಎಷ್ಟೋ ಜನರಿಗೆ ಅದರಿಂದ ಉಪಕಾರವಾಗಿದೆ. ನಗು ಬರುವುದು ಆ ದ್ರಾಕ್ಷಿ ದೊಡ್ಡ ಕಂಪನಿಗಳ ಬಾಯಿಗೆ ಬಿದ್ದ ಮೇಲೆ.

2007ರಲ್ಲಿ ಗೂಗಲ್ ತನ್ನ ನೌಕರರಿಗೆ 'ನಿನ್ನೊಳಗೇ ಹುಡುಕು' ಎಂಬರ್ಥದ ಹೆಸರಿಟ್ಟು ಧ್ಯಾನದ ತರಗತಿ ತೆರೆಯಿತು. ಹುಡುಕುವುದೇ ಅದರ ಕಸುಬು, ಬಿಡಿ. ಅಮೆರಿಕದ ಸೈನಿಕರೂ ಉಸಿರು ಗಮನಿಸುವುದನ್ನು ಕಲಿತರು. ಅಹಿಂಸೆಗೆ ಬೇರೆ ಫೀಸು ಇರಬೇಕು.

ಆದರೆ ಪೀಠ ಸಲ್ಲಬೇಕಾದ್ದು ಅಮೆಜಾನ್‌ಗೆ. 2021ರಲ್ಲಿ ಅದು ಗೋದಾಮಿನ ಕೆಲಸಗಾರರಿಗಾಗಿ 'ಅಮಾಜೆನ್' ಎಂಬ ಪೆಟ್ಟಿಗೆ ಮಾಡಿಸಿತು. ಹಳೇ ಎಸ್‌ಟಿಡಿ ಬೂತು ನೆನಪಿದೆಯೇ? ಹೆಚ್ಚುಕಡಿಮೆ ಅಷ್ಟೇ ಜಾಗ. ಒಳಗೊಂದು ಫ್ಯಾನು, ಒಂದೆರಡು ಗಿಡ, ಧ್ಯಾನ ಹೇಳಿಕೊಡುವ ಕಂಪ್ಯೂಟರು. ಹೊರಗೆ ಕೈಯಲ್ಲಿನ ಸ್ಕ್ಯಾನರು ನೀವು ಎಷ್ಟು ಹೊತ್ತು ಸುಮ್ಮನಿದ್ದಿರಿ ಅಂತ ಲೆಕ್ಕ ಇಡುತ್ತದೆ. ಒಳಗೆ ಕಂಪ್ಯೂಟರು ಸುಮ್ಮನಿರಿ ಅನ್ನುತ್ತದೆ. ಧ್ಯಾನ ಕೆಡಿಸಲು ಬಂದ ಮಾರನೂ ಬುದ್ಧನೂ ಒಂದೇ ಮಸ್ಟರ್ ರೋಲಿನಲ್ಲಿ!

ಬುದ್ಧ ಹೇಳಿದ್ದು ಅಷ್ಟಾಂಗ ಮಾರ್ಗ. ಅದರಲ್ಲಿ ಸಮ್ಯಕ್ ಸ್ಮೃತಿ, ಅಂದರೆ ಈ ಎಚ್ಚರವೊಂದನ್ನು ಮಾತ್ರ ಆರಿಸಿಕೊಂಡರೆ ಕಂಪನಿಗೆ ತೊಂದರೆಯಿಲ್ಲ. ಅದೇ ಪಟ್ಟಿಯಲ್ಲಿರುವ ಸಮ್ಯಕ್ ಆಜೀವ, ಅಂದರೆ ನ್ಯಾಯದ ದುಡಿಮೆ, ಅದರ ಗೊಡವೆಗೆ ಹೋದರೆ ಕೂಲಿ, ಬಿಡುವು, ಯೂನಿಯನ್ನು ಅಂತ ಮಾತು ಎಲ್ಲಿಗೋ ಹೋಗುತ್ತದೆ. ಸೊಂಟ ನೋಯುತ್ತಿದೆಯೇ? ತಪ್ಪು ಟಾರ್ಗೆಟ್ಟಿನದಲ್ಲ, ನಿಮ್ಮ ಮನಸ್ಸಿನದು. ಹೋಗಿ ಉಸಿರಾಡಿ ಬನ್ನಿ.

ಆ ಪೆಟ್ಟಿಗೆಯ ವಿಡಿಯೊ ಹಾಕಿದ್ದೇ ತಡ, ಜನ ಗೇಲಿ ಮಾಡಿದರು, ಕಂಪನಿ ಅಳಿಸಿಹಾಕಿತು. ಯಾಕೋ ಪಾಪ. ಜಗತ್ತಿನ ಸಾಮಾನನ್ನೆಲ್ಲ ಡಬ್ಬಿಗೆ ತುಂಬಿ ಕಳಿಸುವವರು, ತುಂಬುವವನನ್ನೂ ಒಂದು ಡಬ್ಬಿಯಲ್ಲಿ ಕೂರಿಸಿದ್ದರು, ಅಷ್ಟೇ. ವಿಳಾಸ ಬರೆಯುವುದೊಂದು ಬಾಕಿಯಿತ್ತು.